ತವರಿನ ನಿದ್ದೆ

"ತವರಿಗಿ ಹೋದ್ರ ತಲಿ ದಿಂಬಿಗಿ ಹತ್ತಿದ್ರ ಸಾಕ್ರಿ ಮೇಡಂ, ನಿದ್ದಿ ಬರ್ತದ. ಇಲ್ಲಿಗಿ ಬಂದ್ರ ಬರವಲ್ದು. ಇಷ್ಟೇರಿ ನನ್ನ ಬ್ಯಾನಿ."

ಔರಾದಿನ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಆ ಹೆಣ್ಣುಮಗಳು ಹೀಗೆ ಹೇಳಿದಾಗ ಪಕ್ಕದಲ್ಲೇ ಆಕೆಯ ಅತ್ತೆ ಕೂತಿದ್ದರು. ಸೊಸೆಯ ಮಾತು ಮುಗಿಯುತ್ತಿದ್ದಂತೆ ಅವರು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಅಷ್ಟೇ ಸಾಕಾಯಿತು. ರೋಗಿಯ ನಾಡಿ ಹಿಡಿಯುವ ಮೊದಲೇ ರೋಗದ ಕಾರಣ ನನ್ನೆದುರು ಕುರ್ಚಿ ಹಾಕಿಕೊಂಡು ಕೂತಿದೆ ಎಂದುಕೊಂಡೆ.

ನಾನು ಬೀದರಿನಲ್ಲಿ ಮನೋವೈದ್ಯೆ. ವಾರದಲ್ಲಿ ಮಂಗಳವಾರ ಭಾಲ್ಕಿಗೂ ಗುರುವಾರ ಔರಾದಿಗೂ ಹೋಗಿ ರೋಗಿಗಳನ್ನು ನೋಡುತ್ತೇನೆ. ನನಗೆ ಸ್ವತಃ ನಿದ್ದೆಯ ಬಡತನವಿಲ್ಲ. ಬೀದರಿನಲ್ಲಿ ಜೀಪು ಹತ್ತಿದರೆ ಔರಾದಿನಲ್ಲೇ ಕಣ್ಣು ಬಿಡುವುದು. "ನಿದ್ದಿ ಬರಲ್ಲ ಅಂಬೋರಿಗಿ ದವಾ ಕೊಡ್ಲಿಕ್ಕ ಹೊಂಟೋರು ನೀವೇ ಹಿಂಗ ಮಲಗಿದ್ರ ಹ್ಯಾಂಗ್ರಿ" ಎಂದು ನಮ್ಮ ಚಾಲಕರು ಕಾಲೆಳೆಯುತ್ತಾರೆ. ಎಚ್ಚರವಿರುವವರ ಸಂಕಟ ನನಗೆ ಪುಸ್ತಕದಿಂದ ತಿಳಿದದ್ದೇ ಹೆಚ್ಚು, ಅದಕ್ಕೇ ಅವರನ್ನು ಸ್ವಲ್ಪ ಹೆಚ್ಚೇ ಪ್ರಶ್ನೆ ಕೇಳುತ್ತೇನೆ.

ನಿದ್ದೆ ಬರುವುದಿಲ್ಲ ಎನ್ನುವುದು ಒಂದೇ ರೋಗವಲ್ಲ. ಕೆಲವರಿಗೆ ಮಲಗಿದ ಮೇಲೆ ಗಂಟೆಗಟ್ಟಲೆ ಕಣ್ಣು ಮುಚ್ಚುವುದಿಲ್ಲ. ಇವರಲ್ಲಿ ಹೆಚ್ಚಿನವರು ಚಿಂತೆಯವರು. ಕೆಲವರಿಗೆ ನಿದ್ದೆ ಬರುತ್ತದೆ, ನಡುವೆ ಮತ್ತೆ ಮತ್ತೆ ಒಡೆಯುತ್ತದೆ. ಅಲ್ಲಿ ಗೊರಕೆ, ಕೆಮ್ಮು, ಕಾಲಿನ ಸೆಳೆತ, ಸಕ್ಕರೆ ಕಾಯಿಲೆ ಹುಡುಕಬೇಕು. ಇನ್ನು ಕೆಲವರು ಕೋಳಿ ಕೂಗುವ ಮೊದಲೇ ಎದ್ದು ಕೂತು ಬದುಕೇ ಬೇಡವೆಂಬಂತೆ ಗೋಡೆ ನೋಡುತ್ತಾರೆ. ಅವರ ಮನಸ್ಸು ಕುಸಿದಿದೆಯೇ ಎಂದು ಮೊದಲು ವಿಚಾರಿಸಬೇಕು. ನಾಲ್ಕು ದಿನದ ನಿದ್ದೆಗೇಡು ಬೇರೆ, ತಿಂಗಳುಗಟ್ಟಲೆ ಬೇರುಬಿಟ್ಟದ್ದು ಬೇರೆ. ಭಾತಂಬ್ರಾದಿಂದ ಭಾಲ್ಕಿಗೆ ಬರುವ ಒಬ್ಬ ಅಜ್ಜ ಮಧ್ಯಾಹ್ನ ಊಟವಾದ ಮೇಲೆ ಬೇವಿನ ಮರದ ಕೆಳಗೆ ಹೊತ್ತು ಮುಳುಗುವತನಕ ಮಲಗಿ, ರಾತ್ರಿ ನಿದ್ದೆ ಇಲ್ಲವೆಂದು ನನ್ನ ಮೇಲೆ ಸಿಟ್ಟಾಗುತ್ತಾರೆ. ಕೊಳಾರದ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಪಾಳಿ ಬದಲಾಗುವ ಕೆಲಸಗಾರರಿಗೆ ಮೈಯೊಳಗಿನ ಗಡಿಯಾರವೇ ಕೆಟ್ಟಿರುತ್ತದೆ. ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ, ಗುಳಿಗೆ ಎಲ್ಲದಕ್ಕೂ ಕೊನೆಯ ಮಾತು.

ಆಕೆಯನ್ನೂ ಇದೇ ಕ್ರಮದಲ್ಲಿ ಕೇಳಿದೆ. ವಯಸ್ಸು ಮೂವತ್ತರ ಆಸುಪಾಸು. ತವರು ಗಡಿಯಾಚೆ, ತೆಲಂಗಾಣದ ಒಂದು ಹಳ್ಳಿ. ಗಂಡ ಟೆಂಪೋ ಓಡಿಸುತ್ತಾನೆ, ಬಾಡಿಗೆ ಸಿಕ್ಕ ಕಡೆ ಹೋಗುವವನು, ಮನೆಯಲ್ಲಿ ಇರುವುದು ಕಡಿಮೆ. ಒಬ್ಬಳೇ ಮಗಳು, ಇಲ್ಲೇ ಶಾಲೆಗೆ ಹೋಗುತ್ತಾಳೆ. ತಂದೆ ತೀರಿಕೊಂಡ ಮೇಲೆ ತಾಯಿಗೆ ಹೊಲದ ಕೆಲಸಕ್ಕೆ ಆಸರೆಯಾಗಲೆಂದು ಈಕೆ ತವರಿಗೆ ಹೋಗಿ ತಿಂಗಳಾನುಗಟ್ಟಲೆ ಇರುವುದುಂಟು. ಅಲ್ಲಿಂದ ಬಂದ ಎರಡು ಮೂರು ದಿನಕ್ಕೆ ನಿದ್ದೆ ಹಾರಿಹೋಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿಬೀಳುತ್ತಾಳೆ. ಮತ್ತೆ ತವರಿಗೆ ಕಳಿಸಿದರೆ ಹೋದ ದಿನವೇ ನಿದ್ದೆ.

"ನಶೆ ಏನರ? ದಾರೂ, ತಂಬಾಕು?" ಎಂದೂ ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. "ಡಾಕ್ಟರಬಾಯಿ, ನಮ್ಮನ್ಯಾಗ ಗಂಡಸರೇ ಮುಟ್ಟಲ್ಲರಿ. ಹೆಣಮಕ್ಕಳಿಗಿ ಇದೇನ ಕೇಳ್ತೀರಿ?"

ಸೊಸೆಯೂ ಇಲ್ಲವೆಂದು ತಲೆ ಆಡಿಸಿದಳು. ನಾನು ಆ ಬಾಗಿಲನ್ನು ಅಲ್ಲಿಗೆ ಮುಚ್ಚಿದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದನ್ನು ತಿರುಗಿಸಿ ನೋಡಿದರೆ ನಿದ್ದೆ ಇಲ್ಲದವಳಿಗೆ ಚಿಂತೆ ಇರಲೇಬೇಕು, ಅದೂ ಅತ್ತೆಯ ಮನೆಯ ಚಿಂತೆ. ಊರು ಹೀಗೇ ಲೆಕ್ಕ ಹಾಕಿತ್ತು, ಎಂ.ಡಿ. ಮಾಡಿದ ನಾನೂ ಹಾಗೇ ಹಾಕಿದೆ. ಹೊಂದಾಣಿಕೆಯ ತೊಂದರೆಯಿಂದ ಹುಟ್ಟಿದ ಆತಂಕ, ಅದರಿಂದ ನಿದ್ರಾಹೀನತೆ ಎಂದು ಬರೆದೆ. ಥೈರಾಯ್ಡ್, ರಕ್ತದ ಪರೀಕ್ಷೆ ಮಾಡಿಸಿದೆ. ರಕ್ತ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣದ ಗುಳಿಗೆ ಬರೆದೆ. ಚಟ ಹಿಡಿಸದ, ಆತಂಕ ತಗ್ಗಿಸುವ ಒಂದು ಗುಳಿಗೆ ಕೊಟ್ಟೆ. ಹಗಲು ಮಲಗಬಾರದು, ದಿನಾ ಒಂದೇ ಹೊತ್ತಿಗೆ ಏಳಬೇಕು, ಹೊತ್ತು ಇಳಿದ ಮೇಲೆ ಚಹಾ ಬೇಡ, ನಿದ್ದೆ ಬಾರದೆ ಹೊರಳಾಡುವ ಬದಲು ಎದ್ದು ಕೂತು, ಕಣ್ಣೆಳೆದಾಗ ಮಾತ್ರ ಹಾಸಿಗೆಗೆ ಹೋಗಬೇಕು ಎಂದು ತಿಳಿಸಿ ಹೇಳಿದೆ.

ಆಮೇಲೆ ಅತ್ತೆಯನ್ನು ಒಬ್ಬರನ್ನೇ ಕೂಡಿಸಿಕೊಂಡು, "ಅವ್ವಾ, ಸೊಸಿಗಿ ಜರಾ ಸಡಿಲ ಬಿಡ್ರಿ. ಮನ್ಯಾಗ ಕಿರಿಕಿರಿ ಇದ್ರ ನಿದ್ದಿ ಎಲ್ಲಿಂದ ಬರ್ತದ?" ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿ, "ನಾ ಏನ್ ಮಾಡೀನಂತ ಹೇಳ್ಯಾಳ ಆಕಿ?" ಎಂದರು.

"ಏನೂ ಹೇಳಿಲ್ಲ."

"ಮತ್ತ ನೀವು ಹ್ಯಾಂಗ ಹೇಳ್ಲತೀರಿ?"

ನಾನು ಮುಂದಿನ ರೋಗಿಯನ್ನು ಕರೆದೆ.

ಕೆಲವು ವಾರಗಳಲ್ಲಿ ಆಕೆಯ ನಿದ್ದೆ ಮೆಲ್ಲಗೆ ಮರಳಿತು. ನನ್ನ ಗುಳಿಗೆ ಮತ್ತು ನನ್ನ ಬುದ್ಧಿಮಾತು ಕೆಲಸ ಮಾಡಿದವು ಎಂದು ನಾನು ಒಳಗೊಳಗೇ ಬೀಗಿದೆ. ಆಷಾಢ ಕಳೆಯಿತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವ ಪದ್ಧತಿ, ಆಕೆಯೂ ಹೋದಳು. ಹಬ್ಬ ಮುಗಿದ ಮೇಲೆ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸವಿತ್ತು, ತಿಂಗಳ ಮೇಲೆ ಅಲ್ಲೇ ಉಳಿದಳು. ಅಲ್ಲಿಂದ ಬಂದ ವಾರದಲ್ಲೇ ಔರಾದಿನ ನನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಮತ್ತೆ ಕಂಡಳು. ಈ ಸಲ ಕಣ್ಣು ಕೆಂಪಾಗಿ ಒಳಗೆ ಹೋಗಿದ್ದವು. ಜೊತೆಗೆ ಅತ್ತೆ ಇದ್ದೇ ಇದ್ದರು.

ಈ ಸಲ ಅವರು ಕಿಟಕಿ ನೋಡಲಿಲ್ಲ. "ಕೇಳ್ರಿ ಡಾಕ್ಟರಬಾಯಿ. ನಮ್ಮ ಭಾವನೋರು ಹಿರೇರು, ಮನಿ ಮಂದಿನ್ನೆಲ್ಲ ಕೂಡಿಸಿ ಮಾತಾಡ್ಯಾರ. ಈಕಿಗಿ ಈ ಮನಿ ಒಗ್ಗಲ್ಲ, ದೀಪಾವಳಿ ಆದ ಮ್ಯಾಲ ತವರಿಗಿ ಬಿಟ್ಟು ಬರ್ರಿ, ಕೂಸು ಇಲ್ಲೇ ಸಾಲಿ ಕಲೀಲಿ ಅಂದಾರ. ನನ್ನ ಮಗ ಹಿರೇರ ಮುಂದ ಬಾಯಿ ಬಿಡಲ್ಲ."

"ಮಗಳಿಗಿ ಬಿಟ್ಟು ನಾ ಹ್ಯಾಂಗ ಹೋಗ್ಲಿರಿ," ಎಂದು ಸೊಸೆ ಅಳತೊಡಗಿದಳು. "ನಿದ್ದಿ ಬ್ಯಾಡ, ಏನೂ ಬ್ಯಾಡ. ಇಲ್ಲೇ ಇರ್ತೇನಿ ಅಂದ್ರೂ ಕೇಳವಲ್ರು."

ನಿದ್ದೆಗೆಟ್ಟವರಿಗೆ ಕೆಲಸ ತಪ್ಪುವುದನ್ನು, ಜಗಳವಾಗುವುದನ್ನು ಕಂಡಿದ್ದೆ. ಒಬ್ಬ ತಾಯಿಗೆ ಮಗಳೇ ತಪ್ಪುವ ಕಾಲ ಬಂದದ್ದು ಇದೇ ಮೊದಲು. ನನಗೆ ನಿಜಕ್ಕೂ ದಿಗಿಲಾಯಿತು. ಗುಳಿಗೆಯ ಪ್ರಮಾಣ ಹೆಚ್ಚಿಸುವುದೋ, ಬೇರೆ ಗುಳಿಗೆ ನೋಡುವುದೋ ಎಂದು ಯೋಚಿಸುತ್ತ, ಮೊದಲು ರಕ್ತದ ಒತ್ತಡ ನೋಡಿಸಿಕೊಂಡು ಬನ್ನಿ ಎಂದು ಹೊರಗೆ ಕಳಿಸಿದೆ. ಎರಡು ನಿಮಿಷಕ್ಕೆ ಹೊರಗೆ ಗದ್ದಲವಾಯಿತು.

ಆಕೆ ಕಾರಿಡಾರಿನ ನೆಲದ ಮೇಲೆ ಬಿದ್ದಿದ್ದಳು. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು. ಯಾರೋ ಕಬ್ಬಿಣದ ಕೀಲಿಕೈಯನ್ನು ಆಕೆಯ ಅಂಗೈಗೆ ತುರುಕಲು ನೋಡುತ್ತಿದ್ದರು, ಇನ್ಯಾರೋ ಗಾಳಿ ಬಡಿದಿದೆ ಎನ್ನುತ್ತಿದ್ದರು. ಅತ್ತೆ ನೆಲದ ಮೇಲೇ ಕೂತು ಸೊಸೆಯ ತಲೆ ಕಲ್ಲಿಗೆ ಬಡಿಯದಂತೆ ತಮ್ಮ ತೊಡೆಯ ಮೇಲೆ ತೆಗೆದುಕೊಂಡಿದ್ದರು. ಆಕೆಯನ್ನು ಮಗ್ಗುಲಿಗೆ ತಿರುಗಿಸಿದೆವು. ಸಿಸ್ಟರ್ ಸಿರಿಂಜಿಗೆ ಔಷಧ ಎಳೆಯುವಷ್ಟರಲ್ಲಿ ಫಿಟ್ಸ್ ತಾನಾಗಿ ನಿಂತಿತು. ಸಕ್ಕರೆ ಸರಿಯಾಗಿತ್ತು. ಇಂಜೆಕ್ಷನ್ ಕೊಡದೆಯೇ ಆಂಬುಲೆನ್ಸಿನಲ್ಲಿ ಬೀದರಿಗೆ ಕರೆತಂದೆವು. ಹಿಂದೆ ಜೀಪಿನಲ್ಲಿ ಬರುತ್ತಿದ್ದ ನನಗೆ ಆ ದಿನ ನಿದ್ದೆ ಬರಲಿಲ್ಲ.

ಮೆದುಳಿನ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಹಿಂದೆ ಎಂದೂ ಫಿಟ್ಸ್ ಬಂದಿರಲಿಲ್ಲ, ಮನೆತನದಲ್ಲೂ ಇಲ್ಲ. ವಾರ್ಡಿನ ಮಂಚದ ಪಕ್ಕ ನಿಂತು ನಾನು ಆಕೆಯ ಕೈಗಳನ್ನೇ ನೋಡುತ್ತಿದ್ದೆ. ಚಾಚಿದ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಬೆವರು, ನಡುಕ, ಬೆಚ್ಚುವಿಕೆ, ನಿದ್ದೆ ಇಲ್ಲ, ಈಗ ಫಿಟ್ಸ್. ಇವೆಲ್ಲ ಒಟ್ಟಿಗೆ ಬರುವುದನ್ನು ನಾನು ಗಂಡಸರ ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೈಗೆ ಅಭ್ಯಾಸವಾದ ನಶೆಯನ್ನು ಥಟ್ಟನೆ ನಿಲ್ಲಿಸಿದವರ ಲಕ್ಷಣ ಅದು. ಸೀರೆ ಉಟ್ಟವಳ ಮೈಯಲ್ಲಿ ಬಂದದ್ದಕ್ಕೆ ಗುರುತು ಹಿಡಿದಿರಲಿಲ್ಲ.

ಮೂತ್ರದ ಪರೀಕ್ಷೆ ಮಾಡಿಸಿದೆ. ಹಲವು ಬಗೆಯ ಮತ್ತಿನ ಔಷಧಗಳನ್ನು ತೋರಿಸುವ, ಮೂತ್ರದಲ್ಲಿ ಅದ್ದುವ ಒಂದು ಪಟ್ಟಿ ಇರುತ್ತದೆ. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ನೂ ಮತ್ತಿನ ಔಷಧವೇ, ಔರಾದಿನಲ್ಲಿ ಅದನ್ನು ಕೊಟ್ಟಿದ್ದರೆ ಅದೇ ಪಟ್ಟಿಯಲ್ಲಿ ಕಂಡು ಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ. ಕೊಡದೆ ಇದ್ದದ್ದು ಒಳ್ಳೆಯದಾಯಿತು. ಫಲಿತಾಂಶ ಬಂತು: ಮೈಯಲ್ಲಿ ನಿದ್ದೆಗುಳಿಗೆಯ ಜಾತಿಯ ಮದ್ದು ಇದೆ. ನಾನು ಬರೆದ ಗುಳಿಗೆ ಆ ಜಾತಿಯದಲ್ಲ.

"ಮೆಡಿಕಲ್‌ನಾಗ ಯಾವುದರ ಗುಳಿಗಿ ತೊಗೊಂಡೀರೇನು?" ಎಂದು ಕೇಳಿದರೆ ಮಗಳ ಆಣೆ ಇಟ್ಟು ಇಲ್ಲವೆಂದಳು. ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಬದಿಗೆ ಕರೆದು, "ಮೇಡಂ, ಅತ್ತಿನೇ ಚಾದಾಗ ಏನರ ಹಾಕಿ ಕೊಡ್ಲತಿರಬೇಕು ನೋಡ್ರಿ" ಎಂದರು. ಅವರ ಮಾತನ್ನು ಹಾರಿಸಿ ಬಿಡಲು ನನಗೆ ಆಗಲಿಲ್ಲ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಅತ್ತೆ ಕೊಡುತ್ತಿದ್ದರೆ ನಿದ್ದೆ ಅತ್ತೆಯ ಮನೆಯಲ್ಲಿ ಬರಬೇಕಿತ್ತು, ತವರಿನಲ್ಲಿ ಹೋಗಬೇಕಿತ್ತು. ಇಲ್ಲಿ ಎಲ್ಲ ತಲೆಕೆಳಗು. ಇಷ್ಟು ದಿನ ನಾನು ನಿದ್ದೆ ಬಾರದ ಮನೆಯ ದಿನಚರಿಯನ್ನು ಕೆದಕಿದ್ದೆನೇ ಹೊರತು ನಿದ್ದೆ ಬರುವ ಮನೆಯದನ್ನು ಕೇಳಿಯೇ ಇರಲಿಲ್ಲ.

ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. "ತವರ್ನಾಗ ಒಂದು ದಿನ ಹ್ಯಾಂಗ ಹೋಗ್ತದ, ಹೇಳ್ರಿ. ಎದ್ದಾಗಿಂದ ಮಲಗೋತನಕ ಏನೇನ ತಿಂತೀರಿ, ಏನೇನ ಕುಡೀತೀರಿ, ಎಲ್ಲಾ."

ತವರಿನ ಮಾತೆಂದರೆ ಆ ಸುಸ್ತಿನಲ್ಲೂ ಮುಖ ಅರಳಿತು. "ಮುಂಜಾನಿ ಚಾ ಕುಡೀತೇವ್ರಿ. ರೊಟ್ಟಿ ಕಟಗೊಂಡು ಹೊಲಕ್ಕ ಹೋಗ್ತೇವಿ. ಹೆಸರು ಬಿಡಿಸಿ ಬಿಡಿಸಿ ನಡಾ ಹಿಡೀತದ. ಹೊತ್ತು ಇಳಿಯೋದ್ರಾಗ ಮನಿಗಿ ಬರ್ತೇವಿ. ಅವ್ವ ಸೇಂದಿ ತರಸಿಟ್ಟಿರ್ತಾಳ. ಅದು ಕುಡದು, ಉಂಡು ಮಲಕೋತೇವ್ರಿ."

ಸೇಂದಿ ಎಂದರೆ ಈಚಲ ಮರದಿಂದ ಇಳಿಸುವ ಹೆಂಡ.

"ದಿನಾ?"

"ದಿನಾರಿ. ಅವ್ವ ಒಂದು ಚೊಂಬು ಹಾಕಿ ಕೊಡ್ತಾಳ."

"ನಶೆ ಮಾಡಲ್ಲ ಅಂದಿದ್ರಿ?"

ಆಕೆ ನನ್ನನ್ನೇ ಅಚ್ಚರಿಯಿಂದ ನೋಡಿದಳು. "ಅದು ದಾರೂ ಅಲ್ಲರಿ ಮೇಡಂ. ಮೈ ತಂಪಾಗ್ಲಿ ಅಂತ ಕುಡಿಯೋದು. ನಮ್ಮೂರಾಗ ಮುದುಕೇರು, ಹೆಣಮಕ್ಕಳು ಎಲ್ಲಾರೂ ಕುಡೀತಾರ. ನನ್ನ ಬಾಣಂತನದಾಗೂ ಅವ್ವ ಕೊಟ್ಟಿದ್ಲು."

ಆಕೆ ಸುಳ್ಳು ಹೇಳಿರಲಿಲ್ಲ. ಗಡಿಯ ಆಚೆ ಅದು ಮನೆಯ ಪಾನ, ಈಚೆ ಅದು ಹೆಂಡ. ಗಂಡನ ಮನೆಯಲ್ಲಿ ಆ ಸುದ್ದಿಯೇ ಎತ್ತುವಂತಿರಲಿಲ್ಲ, ಆದ್ದರಿಂದ ಯಾರೂ ಎತ್ತಿರಲಿಲ್ಲ. ಮರದಿಂದ ಇಳಿದ ಸೇಂದಿಯಷ್ಟೇ ಆಗಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ. ಆದರೆ ಈಚಲ ಮರಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದರೂ ಕೆಲವು ಅಂಗಡಿಗಳಲ್ಲಿ ಸೇಂದಿ ಮಾತ್ರ ಎಂದೂ ಮುಗಿಯುವುದಿಲ್ಲ. ಅಲ್ಲಿ ಮಾರುವುದು ನೀರು, ಸ್ಯಾಕರಿನ್, ಬಿಳಿ ಪುಡಿ ಬೆರೆಸಿದ್ದು. ಆ ಪುಡಿ ನಿದ್ದೆಗುಳಿಗೆಯದೇ ಮದ್ದು. ತಾಯಿ ಮಗಳಿಗೆ ಪ್ರೀತಿಯಿಂದ ಚೊಂಬು ತುಂಬಿ ಕೊಟ್ಟದ್ದು ಅದನ್ನೇ. ಅಲ್ಲಿದ್ದಷ್ಟು ದಿನ ಮೈ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು, ಇಲ್ಲಿಗೆ ಬಂದೊಡನೆ ಅದು ಸಿಗದೆ ಕಂಗಾಲಾಗುತ್ತಿತ್ತು. ಮೊದಲ ಸಲ ನಿದ್ದೆ ಮರಳಿದ್ದು ನನ್ನ ಬುದ್ಧಿಮಾತಿನಿಂದಲ್ಲ, ಮೈ ತಾನಾಗಿ ಆ ಮದ್ದನ್ನು ಮರೆಯುತ್ತ ಬಂದದ್ದರಿಂದ.

ಮಂಚದ ಇನ್ನೊಂದು ಬದಿಯಲ್ಲಿ ನಿಂತು ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಸೇಂದಿ ಎಂಬ ಮಾತಿಗೆ ಅವರು ರೇಗುತ್ತಾರೆ ಎಂದು ಕಾದೆ. "ಅಂದ್ರ ಈಕಿ ನಿದ್ದಿ ಹೋಗಿದ್ದು ನನ್ನ ಸಲುವಾಗಿ ಅಲ್ಲ," ಎಂದಷ್ಟೇ ಹೇಳಿ, ನೀರು ತರುತ್ತೇನೆಂದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಚಿಕಿತ್ಸೆ ಕಷ್ಟದ್ದಲ್ಲ, ತಾಳ್ಮೆಯದು. ಅದೇ ಜಾತಿಯ, ಆದರೆ ಮೈಯಲ್ಲಿ ನಿಧಾನವಾಗಿ ಕರಗುವ ಗುಳಿಗೆಯನ್ನು ಕೊಟ್ಟು ಮೊದಲು ಮೈಯನ್ನು ಸಮಾಧಾನ ಮಾಡಬೇಕು. ಆಮೇಲೆ ವಾರಗಟ್ಟಲೆ ಅದನ್ನು ಚೂರು ಚೂರೇ ಇಳಿಸುತ್ತ ಹೋಗಬೇಕು. ಗುಳಿಗೆ ಶುರುವಾದ ಮೇಲೆ ನಡುಕ ನಿಂತಿತು, ಫಿಟ್ಸ್ ಮರುಕಳಿಸಲಿಲ್ಲ. ಒಂದು ಮುಂಜಾನೆ ರೌಂಡಿಗೆ ಹೋದಾಗ ಆಕೆ ಇನ್ನೂ ಮಲಗಿದ್ದಳು. ಅತ್ತೆ ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನು ಮುಂದಿನ ಮಂಚಕ್ಕೆ ಕಳಿಸಿದರು.

ಮನೆಗೆ ಕಳಿಸುವ ದಿನ ಪ್ರಶ್ನೆ ಎದ್ದಿತು. ಗುಳಿಗೆ ಯಾರ ಕೈಯಲ್ಲಿ ಕೊಡಬೇಕು? ಇಂಥ ಗುಳಿಗೆಯನ್ನು ಬಿಡುತ್ತಿರುವವರ ಕೈಗೇ ಕೊಡುವುದಿಲ್ಲ, ಒಂದು ಕೆಟ್ಟ ದಿನದಲ್ಲಿ ಎಲ್ಲವನ್ನೂ ನುಂಗಿಬಿಟ್ಟಾರು. ಗಂಡ ಮನೆಯಲ್ಲಿರುವುದಿಲ್ಲ. ತಾಯಿಗೆ ಫೋನು ಮಾಡಿದರೆ, "ಊರೆಲ್ಲ ಕುಡೀತದಮ್ಮಾ, ನನ್ನ ಮಗಳಿಗೊಬ್ಬಾಕಿಗೇ ಏನಾಗ್ತದ?" ಎಂದಿದ್ದಳು. ಉಳಿದವರು ಅತ್ತೆ ಒಬ್ಬರೇ.

"ತ್ವಾಳಿನ ಕೈಯಾಗ ಕುರಿ ಕೊಟ್ಟಂಗ ಆಗ್ತದ್ರಿ ಮೇಡಂ," ಎಂದರು ಸಿಸ್ಟರ್.

ಸೊಸೆಗೂ ಒಲ್ಲದ ಮನಸ್ಸು. ಅತ್ತೆ ಇಲ್ಲದಾಗ ನನ್ನ ಸೆರಗು ಹಿಡಿದು, "ಅತ್ತಿ ಕೈಯಾಗ ಕೊಟ್ರ ಹುಚ್ಚಿ ಗುಳಿಗಿ ತಿಂತಾಳ ಅಂತ ಹಿರೇರ ಮುಂದ ಹೇಳ್ತಾಳ್ರಿ. ಮತ್ತ ನನಗ ತವರಿಗೇ ಕಳಿಸ್ತಾರ" ಎಂದಳು.

ನಾನು ಯೋಚಿಸಿದೆ. ಅತ್ತೆಯ ವಿರುದ್ಧ ನನ್ನ ಹತ್ತಿರ ಏನಿತ್ತು? ಒಂದು ಗಾದೆ ಮತ್ತು ಕಿಟಕಿ ನೋಡಿದ ಮುಖ. ಅವರ ಪರವಾಗಿ ನಾನು ಕಣ್ಣಾರೆ ಕಂಡದ್ದು ಬೇಕಾದಷ್ಟಿತ್ತು. ಪ್ರತಿ ಸಲ ಆಕೆಯನ್ನು ಆಸ್ಪತ್ರೆಗೆ ಕರೆತಂದವರು ಅವರೇ. ಬಿದ್ದಾಗ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡವರೂ ಅವರೇ. ಗುಳಿಗೆ ಅವರಿಗೇ ಕೊಡುತ್ತೇನೆಂದು ಹೇಳಿ, ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡೆ.

ಅತ್ತೆ ನಗಲಿಲ್ಲ. "ಮೊನ್ನಿ ನನ್ನ ಕಿರಿಕಿರಿಗಿ ಈಕಿಗಿ ನಿದ್ದಿ ಬರಲ್ಲ ಅಂದಿದ್ರಿ. ಇವತ್ತ ನನ್ನ ಕೈಯಾಗೇ ಈಕಿ ನಿದ್ದಿ ಕೊಡ್ಲತೀರಿ."

"ಆವಾಗ ನಾ ಅಂದಿದ್ದು ತಪ್ಪು ಅವ್ವಾ. ಈಗ ಕೇಳ್ಲತೀನಿ, ಇಟ್ಕೋತೀರೇನು?"

ಅವರು ಸೊಸೆಯ ಕಡೆ ತಿರುಗಿದರು. "ನಾ ಇಟ್ಕೊಂಡ್ರ ನುಂಗ್ತಿ ಏನು?"

"ಹಿರೇರಿಗಿ ಹೇಳಬ್ಯಾಡ್ರಿ ಅತ್ತಿ."

"ನನ್ನ ಸೊಸಿ ಏನ್ ತಿಂತಾಳ ಅಂಬೋದು ಅವರಿಗ್ಯಾಕ ಬೇಕು?"

ಔರಾದಿನ ಔಷಧ ಕೊಡುವವರಿಗೂ ಹೇಳಿಟ್ಟೆ. ಅವರು ಒಂದು ವಾರದ್ದಷ್ಟೇ ಕತ್ತರಿಸಿ ಕೊಡುತ್ತಿದ್ದರು. "ಅಮ್ಮಾ, ಖಾಲಿ ಪತ್ತಾ ವಾಪಸ್ ತರ್ರಿ, ಆಮ್ಯಾಲ ಹೊಸಾದು ಕೊಡ್ತೀನಿ" ಎಂದು ತಮ್ಮ ಉರ್ದು ಬೆರೆತ ಕನ್ನಡದಲ್ಲಿ ತಾಕೀತು ಮಾಡುತ್ತಿದ್ದರು. ಅತ್ತೆ ಪ್ರತಿ ಗುರುವಾರ ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಖಾಲಿ ಪಟ್ಟಿಗಳನ್ನು ಎಣಿಸಿ ಕೊಡುತ್ತಿದ್ದರು. ಗುಳಿಗೆ ಇಳಿಯಿತು, ನಿದ್ದೆ ಉಳಿಯಿತು. ಏಳುವ ಹೊತ್ತಿನ ನಿಯಮ, ಚಹಾದ ನಿಯಮ ಎಲ್ಲವನ್ನೂ ಈಗ ನನಗಿಂತ ಬಿಗಿಯಾಗಿ ಅವರೇ ನಡೆಸುತ್ತಿದ್ದರು.

ಆಮೇಲೆ ಒಂದು ಮಂಗಳವಾರ, ಔರಾದಿನ ದಿನವೇ ಅಲ್ಲದ ದಿನ, ಇಬ್ಬರೂ ಬಸ್ಸು ಬದಲಿಸಿಕೊಂಡು ಭಾಲ್ಕಿಗೆ ಬಂದರು. ಸೊಸೆಯ ಕೈ ಮತ್ತೆ ನಡುಗುತ್ತಿತ್ತು. ಕದ್ದು ಸೇಂದಿ ಕುಡಿದಿದ್ದಾಳೆಂದೇ ನಾನು ಎಣಿಸಿದೆ. ಅತ್ತೆ ತಲೆ ತಗ್ಗಿಸಿ ಕೂತಿದ್ದರು.

"ನಂದೇ ತಪ್ಪಾಯ್ತು ಡಾಕ್ಟರಬಾಯಿ. ದೀಪಾವಳಿ ಹತ್ರ ಬಂತು. ಹಬ್ಬದೊಳಗ ಪೂರಾ ಬಿಡಸಿ, ನೋಡ್ರಿ ನನ್ನ ಸೊಸಿ ಛಲೋ ಆಗ್ಯಾಳ ಅಂತ ಭಾವನೋರಿಗಿ ತೋರಸಬೇಕು ಅಂತ ಮಾಡಿದ್ದೆ. ನೀವು ಅರ್ಧ ಅಂದಿದ್ರಿ, ನಾ ಅದರಾಗ ಅರ್ಧ ಮಾಡಿ ಕೊಟ್ಟೆ."

ಬೈಯಲು ಬಾಯಿ ಬರಲಿಲ್ಲ. ಬಾವಿಯ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು ಅವ್ವಾ, ಮೇಲಿಂದ ಹಾರಿದರೆ ಕಾಲು ಮುರಿಯುತ್ತದೆ ಎಂದೆ. ಗುಳಿಗೆಯನ್ನು ಒಂದು ಮೆಟ್ಟಿಲು ಹಿಂದಕ್ಕೆ ಏರಿಸಿದೆ. ಅದರಿಂದ ಹಬ್ಬದೊಳಗೆ ಮುಗಿಯುವ ಮಾತು ಮುಗಿಯಿತು. ಅದಕ್ಕಿಂತ ದೊಡ್ಡ ಚಿಂತೆ ಹಬ್ಬದ್ದೇ ಇತ್ತು. ದೀಪಾವಳಿಗೆ ತವರಿನಿಂದ ಕರೆ ಬಂದೇ ಬರುತ್ತದೆ. ಹೋದರೆ ಚೊಂಬು ಕಾದಿರುತ್ತದೆ, ಹೋಗದಿದ್ದರೆ ತಾಯಿ ಒಬ್ಬಳೇ ದೀಪ ಹಚ್ಚಬೇಕು. "ಹೋಗ್ಬ್ಯಾಡ್ರಿ" ಎಂದು ವೈದ್ಯೆಯಾಗಿ ಹೇಳಿದೆ. ಆಕೆಯ ಕಣ್ಣು ತುಂಬಿದ್ದನ್ನು ನೋಡಲಾಗದೆ ಕಾಗದ ನೋಡಿದೆ.

"ಈಕಿ ಹೋಗೋದ್ಯಾಕ?" ಎಂದರು ಅತ್ತೆ. "ಈ ಸಲ ಬೀಗತಿಗೇ ಇಲ್ಲಿಗಿ ಕರಸ್ತೇನಿ."

ಹಬ್ಬ ಮುಗಿದ ಗುರುವಾರ ನನ್ನ ಕೋಣೆಯ ಬಾಗಿಲಲ್ಲಿ ಮೂರು ಹೆಂಗಸರು ನಿಂತಿದ್ದರು. ಒಳಗೆ ಕರೆದು ಕೂಡಿಸಿ ಮೊದಲು ಸೊಸೆಯನ್ನು ನೋಡಿದೆ. ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಹಿರಿಯರು ಏನೆಂದರು ಎಂದು ಕೇಳಿದ್ದಕ್ಕೆ ಅತ್ತೆ ಉತ್ತರಿಸಿದರು: "ನಸಕನ್ಯಾಗೇ ಬಂದಿದ್ರು, ಯಾವಾಗ ಕಳಸ್ತೀರಿ ಅಂತ ಕೇಳ್ಲಿಕ್ಕ. ಸೊಸಿ ಮಲಗ್ಯಾಳ, ಸಾವಕಾಶ ಮಾತಾಡ್ರಿ ಅಂದೆ. ಎಲ್ಲಿಗೂ ಕಳಸಲ್ಲ ಅಂತನೂ ಅಂದೆ. ಚಾ ಕುಡದು ಹೋದ್ರು."

ನನಗೆ ಎಷ್ಟು ಸಂತೋಷವಾಯಿತೆಂದರೆ ಸುಮ್ಮನೆ ನಕ್ಕುಬಿಟ್ಟೆ. ಆದರೆ ಅವರಿಬ್ಬರೂ ನಗುತ್ತಿರಲಿಲ್ಲ. ನಡುವೆ ಕೂತಿದ್ದ ಮುದುಕಿಯನ್ನು ನೋಡಿದೆ. ಗಡಿಯಾಚೆಯ ತಾಯಿ. ಹಣೆಯ ಮೇಲೆ ಬೆವರು, ಮಡಿಲಲ್ಲಿಟ್ಟ ಕೈಗಳಲ್ಲಿ ನಡುಕ. ಹಬ್ಬಕ್ಕೆ ಬಂದವಳು ಬೀಗರ ಮನೆಯಲ್ಲಿ ಸೇಂದಿ ಕೇಳುವ ಹಾಗಿರಲಿಲ್ಲ.

"ನನಗೇನೂ ಆಗಿಲ್ಲಮ್ಮಾ," ಎಂದಳು ಆಕೆ ತೆಲುಗಿನ ಎಳೆತದ ಕನ್ನಡದಲ್ಲಿ. "ಜಾಗಾ ಹೊಸಾದು, ಅದಕ್ಕ ನಿದ್ದಿ ಬರವಲ್ದು. ನಮ್ಮೂರಿಗಿ ಹೋದ್ರ ಬರ್ತದ. ಇವರಿಗಿ ಹೇಳಿ ನನಗ ಬಸ್ಸು ಹತ್ತಸ್ರಿ, ಅಷ್ಟೇ ಸಾಕು."

ಮಗಳು ತಾಯಿಯ ನಡುಗುವ ಕೈ ಹಿಡಿದುಕೊಂಡಳು. "ಅವ್ವಾ, ನಾನೂ ಇದೇ ಹೇಳ್ತಿದ್ದೆ."

ಎಷ್ಟೋ ವರ್ಷದ ಅಭ್ಯಾಸ ಅದು, ಮಗಳಿಗಿಂತ ಹೆಚ್ಚು ಕಾಲ ಬೇಕಾಗುತ್ತದೆ, ಮೊದಲು ಕೆಲವು ದಿನ ಬೀದರಿನಲ್ಲಿ ಉಳಿಯಬೇಕು, ಆಮೇಲೆ ವಾರ ವಾರ ಬರಬೇಕು, ಒಬ್ಬಳೇ ಊರಿಗೆ ಹೋಗಿ ಇದ್ದರೆ ಆಗುವ ಕೆಲಸವಲ್ಲ ಎಂದು ತಿಳಿಸಿದೆ. ಆಮೇಲೆ ಅದೇ ಪ್ರಶ್ನೆ ಕೇಳಿದೆ: ಗುಳಿಗೆ ಯಾರು ಇಟ್ಟುಕೊಳ್ಳುತ್ತೀರಿ?

ಸೊಸೆ ಕೈ ಚಾಚಿದಳು. ಆಕೆಯದೇ ಗುಳಿಗೆ ಇನ್ನೂ ಮುಗಿದಿರಲಿಲ್ಲ, ನಾನು ಅತ್ತೆಯನ್ನು ನೋಡಿದೆ.

"ಆಕಿ ಕೈಯಾಗೇ ಕೊಡ್ರಿ," ಎಂದರು ಅವರು. "ಅವಸರ ಮಾಡಬಾರದು ಅಂತ ಆಕಿಗಿ ಗೊತ್ತದ."

ಮುದುಕಿ ಅಳತೊಡಗಿದಳು. ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಹೊತ್ತು ಉಣ್ಣಲೂ ಹಿಂದೆಮುಂದೆ ನೋಡುವ ಜನ ಅವರು. "ಮಗಳಿಗಿ ಕೊಟ್ಟ ಮನ್ಯಾಗ ಎಷ್ಟು ದಿನ ಇರ್ಲಿ ನಾ? ಮಂದಿ ಏನಂದಾರು?"

ಅತ್ತೆ ತಮ್ಮ ಸೆರಗಿನಿಂದ ಬೀಗತಿಯ ಹಣೆಯ ಬೆವರು ಒರೆಸಿದರು.

"ನಿದ್ದಿ ಬರೋತನಕ ಇರು."